ಹನ್ನೆರಡೂವರೆ ಆಂಪಿಯರ್

ಅಂಗಡಿಯ ಶಟರು ಸೊಂಟದ ಮಟ್ಟಕ್ಕೆ ಎತ್ತಿದ್ದೆ, ಅಷ್ಟೇ.
ಹೊರಗೆ ಗೋಣಿಕೊಪ್ಪದ ಮಂಜಿನಲ್ಲಿ
ಎರಡು ರಬ್ಬರ್ ಬೂಟು, ಹಿಂದೆ ಟ್ರ್ಯಾಕ್ಟರಿನ ಗುಡುಗುಡು.
"ಮೊಯ್ದು, ಇದಕ್ಕೊಂದು ಹೀಟರ್ ಕೂರಿಸಬೇಕು," ಅಂದರು ಬೊಳ್ಳಮ್ಮ,
ಹಲ್ಲುನೋವಿಗೆ ಮದ್ದು ಕೇಳಿದ ಹಾಗೆ.

ಇಪ್ಪತ್ತನಾಲ್ಕು ಕುದುರೆಯ ಪುಟ್ಟ ಗಾಡಿ,
ಕಾಫಿ ಸಾಲಿನ ನಡುವೆ ನುಸುಳಲೆಂದೇ ಹುಟ್ಟಿದ್ದು.
ಕ್ಯಾಬಿನ್ ಕಂಪನಿಯದಲ್ಲ, ವೆಲ್ಡಿಂಗ್ ವರ್ಕಿಯ ಕೈಕೆಲಸ:
ಆಂಗಲ್ ಪಟ್ಟಿ, ಯಾವುದೋ ವ್ಯಾನಿನ ಮುಂಗಾಜು,
ಬದಿಗೆ ಜಡಿದ ಪ್ಲಾಸ್ಟಿಕ್ ಶೀಟು.
ಬಾಗಿಲ ಸಂದಿಯಲ್ಲಿ ಬೆರಳಲ್ಲ, ಮುಷ್ಟಿ ಹೋಗುತ್ತದೆ.

"ಶಿವರಾತ್ರಿಗೆ ಇನ್ನು ಎಂಟು ದಿನ," ಅಂದೆ,
"ಚಳಿ ಶಿವಶಿವಾ ಅಂತ ತಾನೇ ಹೋದೀತು."
"ಚಳಿ ಹೋಗಲಿ ಮಾರಾಯ, ಜೆಟ್ಟಿನ ನೀರು ಹೋಗ್ತದಾ?"
ಹೂಮಳೆ ಬಾರದ ವರ್ಷ. ರೋಬಸ್ಟಾ ಮೊಗ್ಗು ಕಾಯುವುದಿಲ್ಲ.
ಕೆರೆಗೆ ಪಂಪು ಇಟ್ಟು, ರಾತ್ರಿಯಿಡೀ
ಮೂರು ಗಂಟೆಗೊಮ್ಮೆ ಪೈಪು ಬಿಚ್ಚಿ, ಹೇರಿ, ಮುಂದಿನ ಸಾಲಿಗೆ;
ತೊಯ್ದ ಬಟ್ಟೆಯಲ್ಲೇ ಸ್ಟೇರಿಂಗು.
ಗ್ಲೌಸು ತೆಗೆದು ತೋರಿಸಿದರು: ನಾಲ್ಕು ಬೆರಳ ತುದಿ
ಸುಣ್ಣದ ಕಡ್ಡಿ. ಒತ್ತಿದರೂ ಕೆಂಪು ಬರಲಿಲ್ಲ.

ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದೆ.
ನೂರೈವತ್ತು ವ್ಯಾಟು, ಹನ್ನೆರಡು ವೋಲ್ಟು:
ಹನ್ನೆರಡೂವರೆ ಆಂಪಿಯರ್.
ಎರಡು ದೀಪಕ್ಕೆ ಒಂಬತ್ತು.
ಆಲ್ಟರ್ನೇಟರು ಹೇಳುವುದು ಮೂವತ್ತೈದು,
ಇಳಿಜಾರಿನಲ್ಲಿ ಕೊಡುವುದು ಹದಿನಾಲ್ಕು, ಅದೂ ಮನಸ್ಸಿದ್ದರೆ.
"ಎಂಜಿನ್ನಿನ ಬಿಸಿನೀರನ್ನೇ ಒಳಗೆ ತಿರುಗಿಸುವ," ಅಂದೆ, "ಧರ್ಮಕ್ಕೆ ಬಿಸಿ."
"ಎಂಜಿನ್ ಬಿಸಿಯಾಗುವಾಗ ನಾನೂ ಆಗಿರ್ತೇನೆ.
ನಂಗೆ ಬೇಕಾದ್ದು ಅದಕ್ಕಿಂತ ಮೊದಲು."
ವಾದಕ್ಕೆ ಜಾಗವಿರಲಿಲ್ಲ, ರೇಡಿಯೇಟರಿನ ಹಿಂದೆಯೂ.

ದಪ್ಪ ತಂತಿ ಎಳೆದೆ, ರಿಲೇ ಇಟ್ಟೆ, ಇಪ್ಪತ್ತರ ಫ್ಯೂಸು,
ಉಜ್ಜುವಲ್ಲೆಲ್ಲ ಸೈಕಲ್ ಟ್ಯೂಬಿನ ತುಂಡು.
ಹೀಟರಿನ ಬಾಯಿ ಕಾಲಿಗಲ್ಲ, ಸ್ಟೇರಿಂಗಿಗೆ.
ಸ್ವಿಚ್ಚು ಒತ್ತಿದರು. ಹೆಡ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿತು.
ಮೊದಲು ಸುಟ್ಟ ಧೂಳಿನ ವಾಸನೆ,
ಆಮೇಲೆ ಬಿಸಿ. ಬಿಸಿ ಅಂದರೆ
ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಕೈ ಇಟ್ಟಷ್ಟು.
"ಇಷ್ಟೇಯಾ?" ಅಂತ ಕೇಳುತ್ತಾರೆಂದು ಕಾದೆ.
ಅವರು ಎರಡೂ ಕೈ ಚಾಚಿ ಕೂತೇ ಇದ್ದರು.
ಹಿಂದೆ ಬಸ್ಸಿನವ ಹಾರನ್ ಹೊಡೆದ. ಆದರೂ.

ವಾರ ಕಳೆದು ಮತ್ತೆ ಬಂದರು. ನನ್ನ ಎದೆ ಧಸಕ್ಕೆಂದಿತು: ಫ್ಯೂಸಾ?
ಅಲ್ಲ. ದೀಪ, ಎಂಜಿನ್ನು ಎರಡೂ ಸತ್ತಿರುವಾಗ
ಹೀಟರ್ ಒಂದೇ ಬದುಕಿರುವ ಸ್ವಿಚ್ಚು ಬೇಕು.
"ಕೆರೆಗೆ ಒಬ್ಬ ಬರ್ತಾನೆ," ಅಂದರು, ನೆಂಟರ ಸುದ್ದಿಯಂತೆ.
"ಒಂಟಿ. ಒಂದೇ ಕೊಂಬು. ಬೆಳಕು ಆಗದು, ಸದ್ದೂ ಆಗದು.
ಎಲ್ಲ ಆರಿಸಿ ಕೂರಬೇಕು, ಅವನ ಬಾಯಾರಿಕೆ ಮುಗಿಯುವ ತನಕ."
"ಫ್ಯಾನಿನ ಸದ್ದು?"
"ನಿನ್ನ ಫ್ಯಾನು ಜೀರುಂಡೆಗಿಂತ ಮೆತ್ತಗೆ."

ಬ್ಯಾಟರಿಯ ಲೆಕ್ಕ ಬೇರೆ. ಇನ್ನೊಂದು ಬಿಲ್ಲಿನ ಬೆನ್ನು:
ಅರ್ಧ ಗಂಟೆ, ಸ್ಟಾರ್ಟ್ ಆಗುತ್ತದೆ.
ಒಂದು ಗಂಟೆ, ಆಗಬಹುದು.
ಅದರಾಚೆ ಬರೆಯಲಿಲ್ಲ; ಪೆನ್ನಿನ ಕ್ಯಾಪು ಮುಚ್ಚಿದೆ.
"ಅವನಿಗೆ ಹೇಳ್ತೇನೆ, ಬೇಗ ಕುಡಿ ಅಂತ."
ಸ್ವಿಚ್ಚಿಗೆ ನಲವತ್ತು ರೂಪಾಯಿ. ತೆಗೆದುಕೊಂಡೆ,
ಬೇಡವೆಂದರೆ ಬಯ್ಯುತ್ತಾರೆ.

ಈಗ ರಾತ್ರಿ ಮೂರಕ್ಕೆ ಸುಮ್ಮನೆ ಎಚ್ಚರ.
ಹೊದಿಕೆಯೊಳಗೆ ನನ್ನ ಬೆರಳು ಬೆಚ್ಚಗೇ ಇವೆ.
ಅಲ್ಲಿ ಕತ್ತಲಲ್ಲಿ ಕೆರೆ ಹೀರುವ ಸದ್ದು,
ವರ್ಕಿಯ ಗಾಜಿನೀಚೆ ಕೋಳಿಯಷ್ಟು ಕಾವು.
"ಏನು ಎಣಿಸ್ತಿದ್ದೀರಿ?" ಕೇಳುತ್ತಾಳೆ ಸಫಿಯಾ.
ಆಂಪಿಯರ್, ಅನ್ನುತ್ತೇನೆ.
ಇಪ್ಪತ್ತು ನಿಮಿಷವಾಯಿತು. ಇಪ್ಪತ್ತೊಂದು.
ಕುಡಿಯಲಿ.