ಬೇಳೆ ಬೆಂದ ದಿನ

ಬಾಣಾವರದ ಗಾಣಿಗರ ಬೀದಿ ತಿರುವಿನಲ್ಲಿ
ಗುಂಡಿಯೊಳಗೆ ಅರ್ಧ ಮೈ ಇಳಿಸಿ
ನೀರುಗಂಟಿ ಮರುಳಯ್ಯ ವಾಲ್ವು ತಿರುಗಿಸುತ್ತಾನೆ:
ಹನ್ನೊಂದು ಸುತ್ತು, ಆಮೇಲೊಂದು ಬೈಗುಳ.

ಮೊದಲು ಗಾಳಿ ಬಂತು, ನಲ್ಲಿ ಕೆಮ್ಮಿತು.
ತುಕ್ಕು ಬಂತು, ಆರಿದ ಚಹಾದ ಬಣ್ಣ.
ಆಮೇಲೆ ಹೇಮಾವತಿ.

ಬೋರಿನ ನೀರಿಗೆ
ಕುಕ್ಕರು ಏಳು ಸಲ ಕೂಗಿದರೂ
ತೊಗರಿಬೇಳೆ ಹಲ್ಲಿಗೆ ಸಿಗುತ್ತಿತ್ತು.
ಹಂಡೆಯ ತಳದ ಸುಣ್ಣದ ಚಿಪ್ಪನ್ನು
ಅತ್ತೆ ಉಳಿ ಹಾಕಿ ಎಬ್ಬಿಸುತ್ತಿದ್ದರು,
ಗೊಣಗುತ್ತ: ಇದೇ ನನ್ನ ಮಂಡಿಯೊಳಗೂ.

ಮರುಳಯ್ಯ ಗಾಜಿನ ಕೊಳವೆಗೆ ನೀರು ಹಿಡಿದು
ಎರಡು ಹನಿ ಔಷಧಿ ಬಿಟ್ಟು
ಬಿಸಿಲಿಗೆ ಎತ್ತಿದ. ನಿಂಬೆಸಿಪ್ಪೆಯ ಹಳದಿ.
"ಇಷ್ಟಿದ್ರೆ ಸರಿ, ಕುಡೀರಿ."
"ಆಸ್ಪತ್ರೆ ವಾಸ್ನೆ ಕಣಪ್ಪಾ," ಅಂದರು ಬೀಬಿಜಾನ್.
"ಇಷ್ಟು ದಿನ ಆಸ್ಪತ್ರೆಗೇ ಹೋಗ್ತಿದ್ರಲ್ಲಮ್ಮ."

ಇವತ್ತು ಮೂರನೇ ಕೂಗಿಗೆ ಇಳಿಸಿದೆ.
ಸೌಟು ತಾಗುವ ಮೊದಲೇ ಬೇಳೆ ಕರಗಿತ್ತು.
ತಟ್ಟೆ ಮುಂದೆ ಕೂತ ಮಗಳು ನಕ್ಕಳು,
ರೂಢಿಯಂತೆ ಬಾಯಿಗೆ ಕೈ ಅಡ್ಡ ಹಿಡಿದು.
ಆ ಕಂದು ಗೆರೆ ಯಾವ ಹೊಳೆಗೂ ಹೋಗದು.

ತೊಟ್ಟಿಲಲ್ಲಿ ಅವಳ ತಮ್ಮ
ಬೆರಳು ಚೀಪುತ್ತಿದ್ದಾನೆ.
ಹಲ್ಲೇ ಬಂದಿಲ್ಲ ಇನ್ನೂ.