ಆರು ನಿಮಿಷದ ಲೆಕ್ಕ

ಕ್ಲಬ್ಬಿನ ಸೆಸ್ನಾದಲ್ಲಿ ಒಂದು ಮೀಟರಿದೆ,
ಎಂಜಿನ್ ಕೆಮ್ಮಿದ ಕ್ಷಣದಿಂದ ಓಡುತ್ತದೆ.
ಆರು ನಿಮಿಷಕ್ಕೊಂದು ಅಂಕಿ,
ಅಂಕಿಗೆ ಇಪ್ಪತ್ತಾರು ಡಾಲರ್.
ರನ್‌ವೇ ತುದಿಯಲ್ಲಿ ಕುರಿ ದಾಟಲೆಂದು ಕಾದರೆ
ಅದಕ್ಕೂ ನಾನೇ ತೆರಬೇಕು.

ರಾತ್ರಿಯೆಲ್ಲ ಹಾಲಿನ ಟ್ಯಾಂಕರ್ ಓಡಿಸುತ್ತೇನೆ,
ಆಶ್‌ಬರ್ಟನ್ನಿನ ಸುತ್ತ ಹದಿನೇಳು ಕೊಟ್ಟಿಗೆ.
ತಿಂಗಳಿಗೊಂದು ಶನಿವಾರ, ಒಂದು ಗಂಟೆ ಆಕಾಶ.
ಒಂದಿಡೀ ರಾತ್ರಿಯ ಹಾಲು
ಹೀಗೆ ಆವಿಯಾಗುತ್ತದೆ.

ನನಗಿಂತ ಮುಂಚೆ ಹಾರಿದವನ ಕಾಲು ಉದ್ದ,
ಸೀಟು ಮುಂದಕ್ಕೆಳೆಯಬೇಕು.
ಹೆಡ್‌ಫೋನಿನಲ್ಲಿ ಯಾರದೋ ಕಿವಿಯ ಬಿಸಿ,
ಬಾಗಿಲ ಸಂದಿಯಲ್ಲಿ ಪೆಪ್ಪರ್‌ಮಿಂಟ್ ಕಾಗದ.
ಛತ್ರದ ಕೋಣೆಯ ಹಾಗೆ:
ಯಾರೂ ಹೊಲಸು ಮಾಡಿಲ್ಲ, ಯಾರೂ ಒರೆಸಿಲ್ಲ.

ಕೆಳಗೆ ರಕಾಯಾ ನದಿ ಜಡೆ ಬಿಚ್ಚಿ ಹರಡಿಕೊಂಡಿರುತ್ತದೆ.
ಇನ್ನು ಸ್ವಲ್ಪ ಹೋದರೆ ಕಡಲು ಸೇರುವ ಜಾಗ.
ಕಣ್ಣು ಮೀಟರಿಗೆ ಹೋಗುತ್ತದೆ.
ಹದಿನಾಲ್ಕು ಸಲ ಹಾರಿದ್ದೇನೆ,
ಆ ಜಾಗ ನೋಡಿಲ್ಲ.

ಮೂರನೇ ಹ್ಯಾಂಗರಿನ ಕೋಲ್ವಿನ್ ಹಾರ್ಗೆಸ್ಟ್‌ನದು ಸ್ವಂತದ್ದು.
ಚೆರೋಕಿ. ಐವತ್ತೆಂಟು ವರ್ಷದ್ದು,
ಅವನಿಗಿಂತ ಹದಿನಾರು ವರ್ಷ ಚಿಕ್ಕದು.
“ನೀನೇ ಜಾಣೆ” ಎನ್ನುತ್ತಾನೆ,
“ಹಾರು, ಕೀ ಗೂಟಕ್ಕೆ ತೂಗುಹಾಕು, ಮನೆಗೆ ಹೋಗು.
ಇದು ನಿಂತಲ್ಲೇ ನಿಂತು ತಿನ್ನುತ್ತದೆ.
ಹ್ಯಾಂಗರಿಗೆ, ವಿಮೆಗೆ, ವರ್ಷದ ತಪಾಸಣೆಗೆ...
ಹೋದ ವರ್ಷ ಒಂದೇ ಒಂದು ಸಿಲಿಂಡರು
ನೊಲೀನಳ ಹೊಸ ಅಡುಗೆಮನೆ ನುಂಗಿತು.”
ಅವಳಿನ್ನೂ ಹಳೆಯ ಒಲೆಯಲ್ಲೇ ಸ್ಕೋನ್ ಸುಡುತ್ತಾಳೆ,
ಒಂದು ಬದಿ ಕರಿ, ಒಂದು ಬದಿ ಹಸಿ.

ಒಮ್ಮೆ ಡೀಸೆಲ್ ರಸೀದಿಯ ಬೆನ್ನಿಗೆ ಲೆಕ್ಕ ಹಾಕಿಕೊಟ್ಟೆ:
ವರ್ಷಕ್ಕೆ ನೂರು ಗಂಟೆ ದಾಟಿದರೆ ಸ್ವಂತದ್ದು ಅಗ್ಗ,
ಇಲ್ಲವಾದರೆ ಬಾಡಿಗೆಯೇ ಸೈ.
“ಹೋದ ವರ್ಷ ಎಷ್ಟು ಹಾರಿದೆ?”
“ಹನ್ನೊಂದು” ಎಂದ.
ರಸೀದಿ ಮಡಚಿ
ಅದರಲ್ಲೇ ಆಯಿಲ್ ಕಡ್ಡಿ ಒರೆಸಿದ.

ಮಿಕ್ಕ ಶನಿವಾರ ಅವನು ಹಾರುವುದಿಲ್ಲ, ಸುಮ್ಮನೆ ಇರುತ್ತಾನೆ.
ಗಾಜಿಗೆ ಮೇಣ, ಟೈರಿಗೆ ಗಾಳಿ,
ಮೂತಿಯ ಎರಡು ತೂತಿಗೂ ಸ್ಪಂಜು.
ಸ್ಟಾರ್ಲಿಂಗ್ ಹಕ್ಕಿಗೆ ಚಹಾ ಕುಡಿಯುವಷ್ಟು ಹೊತ್ತು ಸಿಕ್ಕರೆ ಸಾಕು,
ಎಂಜಿನ್ನಿನೊಳಗೆ ಸಂಸಾರ ಹೂಡುತ್ತದೆ.

ಅಕ್ಟೋಬರಿನಲ್ಲಿ ವೈದ್ಯೆ
ಅವನ ಎದೆಯ ಗೆರೆ ನೋಡಿ ಸಹಿ ಹಾಕಲಿಲ್ಲ.
ವಿಮಾನ ಅದೇ ವಾರದ ತಪಾಸಣೆಯಲ್ಲಿ ಪಾಸಾಗಿತ್ತು.

ಕೀ ನನ್ನ ಕೈಗಿಟ್ಟು ತಾನು ಬಲಗಡೆ ಕೂತ.
ನಲವತ್ತು ವರ್ಷ ಅಲುಗದ ಸೀಟು,
ಹಳಿಯಲ್ಲಿ ತುಕ್ಕು. ಇಬ್ಬರೂ ಜಗ್ಗಿದೆವು, ಬರಲಿಲ್ಲ.
ನೊಲೀನಳ ದಿಂಬು ನನ್ನ ಬೆನ್ನಿಗೆ ತುರುಕಿ
“ನಡಿ” ಎಂದ.

ಮೀಟರ್ ಇರಬೇಕಾದ ಕಡೆ ಒಂದು ತೂತು,
ತೂತಿಗೆ ಬಿಯರ್ ಬಾಟಲಿಯ ಮುಚ್ಚಳ.
ನದಿಯ ಜಡೆಯೆಳೆಗಳೆಲ್ಲ ಒಂದಾಗಿ
ಕಡಲಿಗೆ ಬೀಳುವುದನ್ನು ಕಂಡೆ,
ಹಾಲಿಗೆ ನೀಲಿ ಕದಡಿದ ಬಣ್ಣ.
ಒಂದು ಸುತ್ತು ಬಂದೆ. ಎರಡು. ಮೂರು.
ಆಮೇಲೆ ತಿಳಿಯಿತು:
ಯಾವಾಗ ಹಿಂತಿರುಗಬೇಕೆಂದು ನನಗೆ ಗೊತ್ತಿಲ್ಲ.
ಇಷ್ಟು ದಿನ ದುಡ್ಡು ಮುಗಿಯುತ್ತಿತ್ತು, ತಿರುಗುತ್ತಿದ್ದೆ, ಅಷ್ಟೆ.

ಆಕಾಶ ಯಾರಪ್ಪನ ಆಸ್ತಿಯೂ ಅಲ್ಲ ಅಂತ
ಇಲ್ಲಿ ಯಾರಾದರೂ ಹೇಳಿಬಿಡಬಹುದಿತ್ತು.
ಕೋಲ್ವಿನ್ ಹೇಳಲಿಲ್ಲ.
ತಲೆಯ ಮೇಲಿನ ಟ್ರಿಮ್ ಹಿಡಿಕೆಯತ್ತ ಅವನ ಕೈ ಎದ್ದಿತು,
ನಡುದಾರಿಯಲ್ಲಿ ನಿಂತಿತು,
ಹೋಗಿ ತಲೆ ಕೆರೆಯಿತು.
“ಮೂಗು ಚೂರು ಎತ್ತು” ಎಂದ,
“ಅದಕ್ಕೆ ಹಾಗೆಯೇ ಇಷ್ಟ.”

ಇಳಿದ ಮೇಲೆ, ಹ್ಯಾಂಗರಿನ ನೆರಳಲ್ಲಿ,
“ಗಂಟೆಗೆ ಎಷ್ಟು, ನಿನ್ನದು?” ಎಂದು ಕೇಳಿದ.
ನಗುತ್ತಿದ್ದನೋ ಏನೋ, ಬಿಸಿಲಿಗೆ ಬೆನ್ನು ಮಾಡಿದ್ದ.
ಸ್ಕೋನಿನ ಕರಿ ಕೆರೆಯುತ್ತ ನಾನು
ಉತ್ತರ ಹುಡುಕುತ್ತಿದ್ದೆ.

ಸ್ಪಂಜು ತುರುಕಲು ಎದ್ದಾಗ
ಮೂತಿಯೊಳಗೆ ಆಗಲೇ
ಎರಡು ಹುಲ್ಲುಕಡ್ಡಿ.