ಎರಡಾಣೆಯ ಊರು

ಕಟ್ಟು ಹಾಕಿಸಲು ತಂದಿದ್ದಾರೆ ಕಲ್ಲಚ್ಚಿನ ಹಾಳೆ,
ಮೇಲಿಂದ ಕಂಡ ಶಿವಮೊಗ್ಗ.
ಒಂದು ಮೂಲೆ ಗೆದ್ದಲಿಗೆ; ತುಂಗೆ ಅಲ್ಲಿಗೇ ನಿಂತಿದ್ದಾಳೆ.

ಬಿಡಿಸಿದ ರಂಗೋಜಿಗೆ
ಅಟ್ಟದ ಏಣಿ ಹತ್ತಿದರೂ ತಲೆ ತಿರುಗುತ್ತಿತ್ತಂತೆ.
ಬೀದಿಬೀದಿ ಹೆಜ್ಜೆ ಎಣಿಸಿ ಬಂದು
ಬುಡ್ಡಿದೀಪದಲ್ಲಿ ಹದ್ದಾಗುತ್ತಿದ್ದ.

ಬಾರದ ರೈಲಿಗೆ ಆಗಲೇ ಹೊಗೆ.
ಹೊಳೆ ತುಂಬ ದಿಮ್ಮಿಯ ತೆಪ್ಪ, ಹರಿಗೋಲು,
ಬಂದರು ಅನ್ನಬೇಕು ನೋಡಿದವರು.
ಎರಡಾಣೆ ಕೊಟ್ಟ ಅಂಗಡಿಗೆ ನಂಬರು, ಅಡಿಯಲ್ಲಿ ಹೆಸರು;
ಕೊಡದವರದು ಬರೀ ಗೀಟು.

ಅಂಚಿನಲ್ಲಿ, ಒಗೆಯುವ ಕಲ್ಲಿನ ಹತ್ತಿರ,
ಎಳ್ಳಿನಷ್ಟು ಒಬ್ಬ ಹೆಂಗಸು. ನಂಬರಿಲ್ಲ.
ಅಷ್ಟೆತ್ತರದಿಂದ ಮನುಷ್ಯರೇ ಕಾಣಬಾರದು,
ಇವಳ ಮೂಗುಬೊಟ್ಟು ಕಾಣುತ್ತದೆ.

ಅಳತೆಪಟ್ಟಿ ಇಟ್ಟೆ, ತೆಗೆದೆ.
ಮಾಮೂಲಿ ಅಳತೆಗೆ ಹಾಕಿದರೆ
ಅವಳು ಕಟ್ಟಿನ ಮರದಡಿ ಹೋಗುತ್ತಾಳೆ.
ಗಿರಾಕಿಗೆ ಹೇಳಿ ಕಳಿಸಿದೆ:
ಕಾಲಿಂಚು ಹೆಚ್ಚು ಹಿಡಿಯುತ್ತದೆ,
ದುಡ್ಡು ಅಷ್ಟೇ.